ಎರಡು ಜೊತೆ ಗ್ಲೌಸು

ಶಂಕ್ರವ್ವನಿಗೆ ಎರಡನೇ ಜೊತೆ ಗ್ಲೌಸು ಕೊಟ್ಟ ದಿನ ಆಕೆ ಅದನ್ನು ಬಡ್ತಿ ಎಂದುಕೊಂಡಳು.

ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು. ಜೊತೆಯಲ್ಲಿ ಗಿರಣಿ ನಡೆಸುವ ಲೂಪೆ ಮೂರು ವರ್ಷದ ಹಳಬಳು, ಮೆಕ್ಸಿಕೋದಿಂದ ಬಂದವಳು. ಆಕೆಗೆ ಇವತ್ತಿಗೂ ಒಂದೇ ಜೊತೆ. ಶಂಕ್ರವ್ವ ಒಂದರ ಮೇಲೊಂದು ಏರಿಸಿಕೊಂಡು, ಹತ್ತೂ ಬೆರಳು ಅಗಲಿಸಿ ಲೂಪೆಯ ಮುಖದ ಮುಂದೆ ಹಿಡಿದು, "ಸೀನಿಯರ್" ಎಂದಳು. ಲೂಪೆ ತನ್ನ ಕೈ ನೋಡಿಕೊಂಡು ಮುಖ ಸಣ್ಣದು ಮಾಡಿದಳು. ಶಂಕ್ರವ್ವನಿಗೆ ಪಾಪ ಅನ್ನಿಸಿತು. ಮಧ್ಯಾಹ್ನ ತನ್ನ ಡಬ್ಬಿಯಿಂದ ಆಕೆಗೆ ಒಂದು ರೊಟ್ಟಿ ಹೆಚ್ಚಿಗೆ ಕೊಟ್ಟಳು.

ಹಿಂದಿನ ದಿನ ನಡೆದ ಮಾತಿಗೂ ಈ ಗ್ಲೌಸಿಗೂ ಸಂಬಂಧವಿದೆ ಎಂದು ಆಕೆಗೆ ಹೊಳೆಯಲೇ ಇಲ್ಲ. ಮಾಲೀಕರ ತಾಯಿ ಇಂದಿರಮ್ಮ ಕಾಫಿ ಕುಡಿಯುತ್ತ ಕೇಳಿದ್ದರು.

"ನೀವು ಯಾವ ಪೈಕಿ? ಲಿಂಗಾಯತರಾ?"

"ಅಲ್ರೀ ಅಮ್ಮ. ನಾವು ಮಾದರು. ಬ್ಯಾಡಗಿ ಹತ್ರ ನಮ್ಮೂರು. ಊರ ಹೊರಗ ಕೇರಿ ಐತಲ್ರಿ, ಅಲ್ಲಿ ನಮ್ಮ ಮನಿ."

ಕೇಳಿದರು, ಹೇಳಿದಳು. ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಮೆರಿಕದಲ್ಲಿ ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಬಾಯಿ ಬಿಟ್ಟು ಕೇಳಿದವರು ಇವರೇ ಮೊದಲು. ಇಂದಿರಮ್ಮ "ಓ" ಎಂದರು. ಲೋಟದಲ್ಲಿ ಕಾಫಿ ಮುಗಿದಿದ್ದರೂ ಇನ್ನೊಂದು ಗುಟುಕು ಕುಡಿದರು. ಮಾರನೆಯ ದಿನ ಎರಡನೇ ಜೊತೆ ಗ್ಲೌಸು ಬಂತು. ಶಂಕ್ರವ್ವನ ಕಾಫಿ ಸ್ಟೀಲ್ ಲೋಟ ಬಿಟ್ಟು ಪೇಪರ್ ಕಪ್ಪಿಗೆ ಇಳಿಯಿತು. ಅದನ್ನೂ ಆಕೆ ಬಡ್ತಿಗೇ ಸೇರಿಸಿಕೊಂಡಳು.

ಇದು ಎರಡು ಸಾವಿರದ ಆರರ ಮಾತು. ಅಮೆರಿಕದ ಪೊವೇ ಎಂಬ ಊರಿನ ಬಿಸಿನೆಸ್ ಪಾರ್ಕಿನ ಹಿಂದಿನ ಸಾಲಿನಲ್ಲಿ, ಸ್ಟಿಕರ್ ಅಚ್ಚು ಹಾಕುವವರ ಪಕ್ಕದಲ್ಲಿ, 'ಮಡಿ ಮಸಾಲಾ' ಎಂಬ ಕಂಪನಿ ಇತ್ತು. ಮಾಲೀಕ ಬಾಲಸುಬ್ರಹ್ಮಣ್ಯ ಮೊದಲು ಫೋನಿನ ಚಿಪ್ ಮಾಡುವ ಕಡೆ ಎಂಜಿನಿಯರ್ ಆಗಿದ್ದ. ಅಲ್ಲಿ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಮನೆಯಲ್ಲಿ ಕೂತು ಅಮ್ಮನ ಸಾರು ಉಣ್ಣುತ್ತಿದ್ದವನಿಗೆ ಒಂದು ದಿನ ಉಪಾಯ ಹೊಳೆಯಿತು. ಈಗ ಅವರ ಸಾರಿನ ಪುಡಿ, ಚಟ್ನಿಪುಡಿ, ಖಾರದ ಪುಡಿ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಿಗೆಲ್ಲ ಹೋಗುತ್ತಿದ್ದವು. ಪ್ಯಾಕೆಟ್ಟಿನ ಮೇಲೆ ಇಂದಿರಮ್ಮನ ಚಿತ್ರ. ಕೆಳಗೆ 'ಅಜ್ಜಿಯ ಕೈರುಚಿ, ಮಡಿಯ ಶುಚಿ' ಎಂದು ಬರಹ.

ಅಜ್ಜಿಯ ಕೈ ಪುಡಿಯ ಹತ್ತಿರ ಬರುತ್ತಿರಲಿಲ್ಲ. ಕೈ ಶಂಕ್ರವ್ವನದು.

ಐವತ್ತು ಪೌಂಡಿನ ಮೆಣಸಿನಕಾಯಿ ಚೀಲ ಹೆಗಲಿಗೆ ಎತ್ತಬೇಕು. ಮೂರು ಮೆಟ್ಟಿಲು ಹತ್ತಬೇಕು. ಗಿರಣಿಯ ಬಾಯಿಗೆ ಸುರಿಯಬೇಕು. ಸುರಿದಾಗ ಕೆಂಪು ಧೂಳು ಎದ್ದು ನೇರ ಮುಖಕ್ಕೇ ಬರುತ್ತಿತ್ತು. ಕಣ್ಣು ಮುಚ್ಚಿ ಸುರಿದರೆ ಅರ್ಧ ಹೊರಗೆ ಬೀಳುತ್ತಿತ್ತು. ಕಣ್ಣು ತೆರೆದು ಸುರಿದರೆ ಅರ್ಧ ಕಣ್ಣಿಗೆ ಬೀಳುತ್ತಿತ್ತು. ದಿನಕ್ಕೆ ಹದಿನಾರು ಚೀಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ತೊಟ್ಟು ಮುರಿಯುವ ಕೆಲಸ ಮಾಡಿ ಬೆಳೆದವಳು ಶಂಕ್ರವ್ವ. ಮೆಣಸಿನಕಾಯಿ ಆಕೆಗೆ ಹೊಸದಲ್ಲ. ಆದರೆ ಅಲ್ಲಿ ಬಯಲಿತ್ತು, ಗಾಳಿಯಿತ್ತು. ಇಲ್ಲಿ ನಾಲ್ಕು ಗೋಡೆ, ಒಂದು ಶಟರ್ ಬಾಗಿಲು. ಆ ಬಾಗಿಲೂ ಮುಚ್ಚಿರುತ್ತಿತ್ತು. ತೆರೆದರೆ ಸ್ಟಿಕರಿನವರು ಸೀನಿ ಸೀನಿ ಕಂಪ್ಲೇಂಟ್ ಕೊಡುತ್ತಿದ್ದರು.

ಮೈಗೆ ಕೊಟ್ಟದ್ದು ತಲೆಗೂದಲಿಗೆ ಒಂದು ಬಲೆ, ಮುಂದೆ ಕಟ್ಟಿಕೊಳ್ಳುವ ಬಿಳಿ ಏಪ್ರನ್, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಗ್ಲೌಸು. ಕೂದಲು ಪುಡಿಗೆ ಬೀಳಬಾರದು. ಬೆವರು ಪುಡಿಗೆ ಬೀಳಬಾರದು. ಪುಡಿ ಮನುಷ್ಯರ ಮೇಲೆ ಬೀಳಬಹುದು.

ಎರಡು ಗ್ಲೌಸಿನೊಳಗೆ ಕೈ ಬೆವರುತ್ತಿತ್ತು. ಬೆವರಿಗೆ ಪುಡಿ ಇಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಳಗೆ ಚಟ್ನಿ ತಯಾರಾಗಿರುತ್ತಿತ್ತು. ಬೆರಳ ಸಂದಿ ಸುಲಿದು ಕೆಂಪಾಗಿತ್ತು. ಊಟಕ್ಕೆ ಕೂತರೆ ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಲೂಪೆ ಮುರಿದು ಕೊಡುತ್ತಿದ್ದಳು.

ಶಂಕ್ರವ್ವನ ಮನೆ ಪಕ್ಕದ ಊರು ಎಸ್ಕಾಂಡಿಡೊದಲ್ಲಿ. ಸಂಜೆ ಬಸ್ಸು ಹತ್ತಿದರೆ ಮೊದಲು ಡ್ರೈವರ್ ಸೀನುತ್ತಿದ್ದ. ಆಮೇಲೆ ಮುಂದಿನ ಸೀಟಿನವರು. ಆಮೇಲೆ ಸೀನು ಸಾಲುಸಾಲಾಗಿ ಹಿಂದಕ್ಕೆ ಹೋಗುತ್ತಿತ್ತು. ಪ್ರತಿಯೊಬ್ಬರಿಗೂ ಆಕೆ ಕಲಿತ ಇಂಗ್ಲಿಷಿನಲ್ಲಿ "ಬ್ಲೆಸ್ ಯು" ಎನ್ನುತ್ತಿದ್ದಳು. ಆಕೆಯ ಸುತ್ತ ಆರು ಸೀಟು ಯಾವಾಗಲೂ ಖಾಲಿ. ಒಬ್ಬ ಮುದುಕ ಮಾತ್ರ ಧೈರ್ಯ ಮಾಡಿ ಪಕ್ಕದಲ್ಲಿ ಕೂರುತ್ತಿದ್ದ. ಅವನಿಗೆ ಮೂಗು ಕಟ್ಟಿದ ದಿನ ಬಿಟ್ಟರೆ ಉಳಿದ ದಿನ ಅವನೂ ಕಾಣುತ್ತಿರಲಿಲ್ಲ.

ಮನೆಗೆ ಬಂದರೆ ಗಂಡ ಕರಿಬಸಪ್ಪ ಬಾಗಿಲ ಹೊರಗೇ ನಿಲ್ಲಿಸಿ ಪೊರಕೆಯಿಂದ ಆಕೆಯ ಬೆನ್ನು ಗುಡಿಸುತ್ತಿದ್ದ. ಅವನು ಆರ್ಟೀಸಿಯಾದ ಹೋಟೆಲಿನಲ್ಲಿ ಹನ್ನೊಂದು ವರ್ಷ ಒಲೆಯ ಮುಂದೆ ನಿಂತು ಗ್ರೀನ್ ಕಾರ್ಡ್ ಮಾಡಿಸಿಕೊಂಡು, ಹೆಂಡತಿಯನ್ನು ಕರೆಸಿಕೊಂಡು, ಈಚೆಗೆ ಈ ಕಡೆಯ ಇನ್ನೊಂದು ಹೋಟೆಲಿಗೆ ಬಂದಿದ್ದ.

"ನಾ ಹೋಟೆಲ್‌ನ್ಯಾಗ ವಾರಕ್ಕ ಹಾಕೂ ಖಾರ ನಿನ್ನ ಹೆರಳಿನ್ಯಾಗ ಐತಿ," ಎನ್ನುತ್ತಿದ್ದ.

ಇಷ್ಟಕ್ಕೂ ಕಂಪನಿಯಲ್ಲಿ ಮಾಸ್ಕು ಇರಲಿಲ್ಲ ಎಂದಲ್ಲ. ಇತ್ತು. ಗಿರಣಿಯ ಎದುರಿಗೇ ಗಾಜಿನ ಬಾಗಿಲಿನ ಒಂದು ಬೀರು. ಒಳಗೆ ನಾಲ್ಕು ರಬ್ಬರ್ ಮಾಸ್ಕು, ಎರಡು ಕೆನ್ನೆಗೂ ಗಾಳಿ ಸೋಸುವ ಒಂದೊಂದು ಡಬ್ಬಿ ಇರುವಂಥವು. ಕಣ್ಣು ಸುತ್ತಲೂ ಮುಚ್ಚುವ ನಾಲ್ಕು ಕನ್ನಡಕ. ಮೊಣಕೈವರೆಗೆ ಬರುವ ದಪ್ಪ ಗ್ಲೌಸು ನಾಲ್ಕು ಜೊತೆ. ವಿಮೆ ಕಂಪನಿಯವರು ಇರಲೇಬೇಕು ಅಂದರೆಂದು ತಂದು ಇಟ್ಟದ್ದು. ಬೀಗದ ಕೈ ಇಂದಿರಮ್ಮನ ಸೊಂಟದಲ್ಲಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬರುತ್ತಿದ್ದವು. ಮಾಸ್ಕುಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮೂಗಿಗೂ ಕುಂಕುಮ ಹಚ್ಚಿ, ಚೆಂಡುಹೂವು ಸಿಕ್ಕಿಸಿ, ಮಂಗಳಾರತಿ ಎತ್ತಿ ಮತ್ತೆ ಬೀಗ ಹಾಕುತ್ತಿದ್ದರು. ಆ ವರ್ಷದ ಪೂಜೆಯ ದಿನ ಗಂಧದಕಡ್ಡಿಯ ಹೊಗೆ ತಾಗಬಾರದೆಂದು ಇಂದಿರಮ್ಮ ಮೂಗಿಗೆ ಸೆರಗು ಹಿಡಿದು ಮಾಸ್ಕಿಗೆ ಆರತಿ ಬೆಳಗಿದ್ದನ್ನು ಶಂಕ್ರವ್ವ ಕಣ್ಣಾರೆ ನೋಡಿದಳು.

ಮರುದಿನವೇ ಹೋಗಿ ಕೇಳಿದಳು.

"ಸಾಹೇಬ್ರ, ಆ ಮಾಸ್ಕ್ ಒಂದ್ ಕೊಡ್ರಿ. ಎದಿ ಉರೀತೈತಿ."

ಬಾಲಸುಬ್ರಹ್ಮಣ್ಯ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. "ಅದು ಎಮರ್ಜೆನ್ಸಿಗೆ ಇಟ್ಟಿರೋದು ಶಂಕ್ರವ್ವ."

"ಎಮರ್ಜೆನ್ಸಿ ಅಂದ್ರ ಯಾವಾಗ್ರಿ?"

"ಇನ್‌ಸ್ಪೆಕ್ಷನ್‌ಗೆ ಯಾರಾದ್ರೂ ಬಂದಾಗ."

"ಬಂದವ್ರು ಹಾಕ್ಕೋತಾರೇನ್ರಿ?"

"ನೋಡ್ತಾರೆ," ಎಂದ ಅವನು. "ಹೊಸದಾಗಿ ಕಾಣ್ಬೇಕು. ನೀವು ಹಾಕ್ಕೊಂಡ್ರೆ ಹಳೇದಾಗತ್ತೆ. ನಿಮಗೆ ಡಬಲ್ ಗ್ಲೌಸ್ ಕೊಟ್ಟಿದೀವಲ್ಲ. ಬೇರೆ ಯಾರಿಗೆ ಕೊಟ್ಟಿದೀವಿ ಹೇಳಿ?"

ಆ ಮಾತು ಕೇಳಿ ಶಂಕ್ರವ್ವ ಗಿರಣಿಗೆ ವಾಪಸಾದಳು. ನಿಜ, ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಯಾಕೆ ಕೊಟ್ಟಿರಲಿಲ್ಲ ಎಂಬುದು ನವೆಂಬರ್ ತಿಂಗಳ ಒಂದು ಮಂಗಳವಾರ ತಿಳಿಯಿತು. ಆಕೆ ಪ್ಯಾಕಿಂಗ್ ಮೇಜಿನ ಕೆಳಗೆ ಬಗ್ಗಿ ಪುಡಿ ಗುಡಿಸುತ್ತಿದ್ದಳು. ಮೇಜಿನ ಆಚೆ ಇಂದಿರಮ್ಮ ಫೋನಿನಲ್ಲಿದ್ದರು. ವೆಸ್ಟ್ ಕೊವಿನಾದ ಗೌರಿ ಎಂಬುವರು, ಪುಡಿಯನ್ನು ಡಜನ್‌ಗಟ್ಟಲೆ ತರಿಸಿಕೊಳ್ಳುವವರು, ಪುಡಿ ಕುಟ್ಟುವವರು ಯಾರು ಎಂದು ಕೇಳಿರಬೇಕು.

"ಇಲ್ಲ ಕಣೇ ಗೌರಿ, ನೀನು ಧೈರ್ಯವಾಗಿ ದೇವರ ನೈವೇದ್ಯಕ್ಕೂ ಬಳಸು. ಒಬ್ಬಳು ಆ ಕಡೆಯವಳಿದಾಳೆ, ನಿಜ. ಕೆಲಸದವರು ಸಿಗೋದೇ ಕಷ್ಟ. ಆದ್ರೆ ಅವಳ ಕೈ ಪುಡಿಗೆ ಸೋಕೋದೇ ಇಲ್ಲ. ನಾನೇ ನಿಂತು ಎರಡು ಜೊತೆ ಗ್ಲೌಸ್ ಹಾಕಿಸಿದೀನಿ. ಒಂದು ಹರಿದ್ರೂ ಇನ್ನೊಂದು ಇರತ್ತೆ."

ಶಂಕ್ರವ್ವ ಮೇಜಿನ ಕೆಳಗೇ ಕೂತಳು. ಕೈ ನೋಡಿಕೊಂಡಳು. ಒಂಬತ್ತು ತಿಂಗಳು ಸೀನಿಯರ್ ಆಗಿದ್ದಳು. ಲೂಪೆಗೆ ಪಾಪ ಅಂದಿದ್ದಳು. ರೊಟ್ಟಿ ಹೆಚ್ಚಿಗೆ ಕೊಟ್ಟಿದ್ದಳು. ಊರಿಗೆ ಫೋನು ಮಾಡಿ ತಂಗಿ ಚೆನ್ನಮ್ಮನಿಗೂ ಹೇಳಿದ್ದಳು, ಇಲ್ಲಿ ನನಗ ಎಲ್ಲಾ ಡಬಲ್ ಅಂತ. ನಾಚಿಕೆ ಮೊದಲು ಬಂತು. ಸಿಟ್ಟು ಹಿಂದೆಯೇ ಬಂತು. ಅಷ್ಟರಲ್ಲಿ ಸೀನು ಬಂತು. ಮೇಜಿನ ಕೆಳಗಿಂದ ಸೀನಿದ ಸದ್ದಿಗೆ ಇಂದಿರಮ್ಮ ಫೋನು ಕೈಬಿಟ್ಟರು.

ಸಂಜೆ ಗಂಡನಿಗೆ ಹೇಳಿದಳು. ಕರಿಬಸಪ್ಪ ಪೊರಕೆಯನ್ನು ಗೋಡೆಗೆ ಒರಗಿಸಿದ.

"ಹನ್ನೊಂದ್ ವರ್ಷ ನಾ ಮಾಡಿದ್ದು ಎಲ್ಲಾರೂ ಉಂಡಾರ," ಎಂದ. "ಅಡಿಗಿಮನಿಗೂ ಅವ್ರಿಗೂ ನಡುವ ಗ್ವಾಡಿ ಇತ್ತು. ಕಾಣ್ತಿರಲಿಲ್ಲ, ಕೇಳ್ತಿರಲಿಲ್ಲ. ನಿಂಗ ಗ್ವಾಡಿ ಇಲ್ಲ. ಅದಕ್ಕ ಕೈಗೇ ಕಟ್ಯಾರ."

"ನಾಳಿಂದ ನಾ ಹೋಗಂಗಿಲ್ಲ."

"ಹೋಗಬ್ಯಾಡ."

ಬೆಳಿಗ್ಗೆ ಎದ್ದು ಹೋದಳು. ಹೋಗದಿದ್ದರೆ ಗೆದ್ದವರು ಯಾರು ಎಂದು ರಾತ್ರಿಯೆಲ್ಲ ಯೋಚಿಸಿ ಹೋದಳು.

ಗುರುವಾರ ವಿಮೆ ಕಂಪನಿಯಿಂದ ತರಬೇತಿ ಕೊಡುವ ಹೆಂಗಸು ಬಂದಳು. ಹೆಸರು ರೊಮೆರೊ. ಗಟ್ಟಿಮುಟ್ಟಾದವಳು, ಕಾಲಿಗೆ ದಪ್ಪ ಬೂಟು, ಕೈಯಲ್ಲಿ ಒಂದು ಫಾರಂ ಕಟ್ಟಿದ ಹಲಗೆ. ಬೆಳಿಗ್ಗೆಯೇ ಬೀರು ತೆರೆದು, ಕುಂಕುಮ ಒರೆಸಿ, ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದ್ದರು. ಒಂದು ಮಾಸ್ಕಿನ ಡಬ್ಬಿಯೊಳಗೆ ಒಣಗಿದ ಚೆಂಡುಹೂವಿನ ಎಸಳು ಉಳಿದಿತ್ತು. ರೊಮೆರೊ ಅದನ್ನು ಎರಡು ಬೆರಳಲ್ಲಿ ಹೊರತೆಗೆದು, ಫಾರಮ್ಮಿನಲ್ಲಿ ಯಾವ ಕಾಲಮ್ಮಿಗೆ ಬರೆಯುವುದೆಂದು ತಿಳಿಯದೆ, ಕಿಸೆಗೆ ಹಾಕಿಕೊಂಡಳು.

ಆಕೆ ಇಂಗ್ಲಿಷಿನಲ್ಲಿ ಹೇಳುವುದು, ಬಾಲಸುಬ್ರಹ್ಮಣ್ಯ ಕನ್ನಡದಲ್ಲಿ ಹೇಳುವುದು ಎಂದು ತೀರ್ಮಾನವಾಯಿತು. ರೊಮೆರೊ ಶುರುಮಾಡಿದಳು. ಹೇಳಿದಳು, ಹೇಳಿದಳು, ಒಂದೊಂದು ಸಾಮಾನೂ ಎತ್ತಿ ತೋರಿಸಿ, ಎದೆ ಮುಟ್ಟಿ, ಕಣ್ಣು ಮುಟ್ಟಿ, ಗಿರಣಿ ಕಡೆ ಕೈ ಮಾಡಿ ಐದು ನಿಮಿಷ ಹೇಳಿದಳು. ಕೊನೆಗೆ ಬಾಲಸುಬ್ರಹ್ಮಣ್ಯನ ಕಡೆ ತಿರುಗಿದಳು.

"ಇವೆಲ್ಲ ತುಂಬಾ ಬೆಲೆಬಾಳೋ ಸಾಮಾನು, ಜೋಪಾನ ಅಂತಿದಾರೆ," ಎಂದ ಅವನು.

ಶಂಕ್ರವ್ವ ಕಾದಳು. ಅಷ್ಟೇ ಇತ್ತು.

"ಅಷ್ಟ್ ಹೊತ್ತು ಮಾತಾಡಿದ್ರು. ಕನ್ನಡದಾಗ ಇಷ್ಟ ಸಣ್ಣದಾತೇನ್ರಿ?"

"ಕನ್ನಡ ಶ್ರೀಮಂತ ಭಾಷೆ ಶಂಕ್ರವ್ವ. ಕಡಿಮೆ ಮಾತಲ್ಲಿ ಜಾಸ್ತಿ ಹೇಳಬಹುದು."

ಆದರೆ ರೊಮೆರೊಗೆ ಇನ್ನೊಂದು ಭಾಷೆಯೂ ಬರುತ್ತಿತ್ತು ಎಂಬುದನ್ನು ಅವನು ಯೋಚಿಸಿರಲಿಲ್ಲ. ಆಕೆ ಲೂಪೆಯ ಕಡೆ ತಿರುಗಿ ಅದನ್ನೇ ಸ್ಪ್ಯಾನಿಷಿನಲ್ಲಿ ಮೊದಲಿನಿಂದ ಹೇಳಿದಳು. ಅದೂ ಐದು ನಿಮಿಷ ಹಿಡಿಯಿತು. ಲೂಪೆಯ ಹುಬ್ಬು ಒಂದೊಂದೇ ಮಾತಿಗೆ ಮೇಲೆ ಏರುತ್ತ ಕೊನೆಗೆ ಕೂದಲ ಬಲೆಯೊಳಗೆ ಹೋಯಿತು.

ಲೂಪೆಗೂ ಶಂಕ್ರವ್ವನಿಗೂ ಒಂಬತ್ತು ತಿಂಗಳಲ್ಲಿ ಒಂದು ಭಾಷೆ ಬೆಳೆದಿತ್ತು. ಅದರಲ್ಲಿ ನಲವತ್ತು ಮಾತು, ಉಳಿದದ್ದು ಕೈಸನ್ನೆ. ಲೂಪೆ ಮಾಸ್ಕು ತೋರಿಸಿದಳು. "ಎವ್ರಿ ಡೇ," ಎಂದಳು. ಕನ್ನಡಕ ತೋರಿಸಿದಳು. "ಎವ್ರಿ ಡೇ." ದಪ್ಪ ಗ್ಲೌಸು ತೋರಿಸಿದಳು. ಆಮೇಲೆ ಬಾಲಸುಬ್ರಹ್ಮಣ್ಯನ ಕಡೆ ಬೆರಳು ಮಾಡಿ, "ಹೀ ಗಿವ್. ಲಾ," ಎಂದಳು.

ಶಂಕ್ರವ್ವನಿಗೆ ತಿಳಿಯಿತು. ಅವನು ನುಂಗಿದ ಐದು ನಿಮಿಷವೂ ತಿಳಿಯಿತು.

ರೊಮೆರೊ ಈಗ ಗ್ಲೌಸಿಗೆ ಬಂದಳು. ಶಂಕ್ರವ್ವನ ಕೈ ಹಿಡಿದು, ಒಂದರ ಕೆಳಗೆ ಇನ್ನೊಂದು ಇರುವುದನ್ನು ಕಂಡು, ಯಾಕೆ ಎರಡು ಎಂದು ಕೇಳಿದಳು.

ಎಕ್ಸ್‌ಟ್ರಾ ಸೇಫ್ಟಿ, ಎಂದ ಬಾಲಸುಬ್ರಹ್ಮಣ್ಯ.

ರೊಮೆರೊ ಲೂಪೆಯ ಕೈ ನೋಡಿದಳು. ಅಲ್ಲಿ ಒಂದೇ. ಇವಳಿಗೆ ಯಾಕೆ ಬೇಡ ಸೇಫ್ಟಿ ಎಂದು ಕೇಳಿದಳು. ಬಾಲಸುಬ್ರಹ್ಮಣ್ಯ ಗಂಟಲು ಸರಿಮಾಡಿಕೊಂಡ. ರೊಮೆರೊ ಮೊದಲು ಮೇಲಿನ ಗ್ಲೌಸನ್ನು ಅಂಚು ಹಿಡಿದು, ಹೊರಭಾಗ ಒಳಗೆ ಸೇರುವಂತೆ ಮಗುಚಿ ತೆಗೆದಳು. ಆಮೇಲೆ ಕೆಳಗಿನದು. ಒಳಗಿಂದ ಕೆಂಪು ನೀರು ತೊಟ್ಟಿಕ್ಕಿತು. ಸುಲಿದ ಬೆರಳು, ಊದಿದ ಅಂಗೈ, ಅರಿಶಿನ ಬಣ್ಣಕ್ಕೆ ತಿರುಗಿದ ಉಗುರು. ರೊಮೆರೊ ಆ ಕೈಯನ್ನು ತನ್ನ ಬರಿಗೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆ ಕಟ್ಟಡದಲ್ಲಿ ಆ ಕೈಯನ್ನು ಯಾರಾದರೂ ಹಿಡಿದು ನೋಡಿದ್ದು ಅದೇ ಮೊದಲು. ಇಂದಿರಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಈ ಗ್ಲೌಸು ಆಹಾರವನ್ನು ಕಾಪಾಡುತ್ತದೆ, ನಿನ್ನನ್ನಲ್ಲ, ಎಂದಳು ರೊಮೆರೊ.

"ಗ್ಲೌಸ್ ಚೆನ್ನಾಗಿದೆಯಂತೆ," ಎಂದ ಬಾಲಸುಬ್ರಹ್ಮಣ್ಯ.

ಅವನ ಮುಖ ನೋಡಿಯೇ ಲೂಪೆ ಗಟ್ಟಿಯಾಗಿ "ನೋ" ಎಂದಳು.

"ಸಾಹೇಬ್ರ," ಎಂದಳು ಶಂಕ್ರವ್ವ, "ನಿಮ್ಮ ಕನ್ನಡ ನಂಗ ತಿಳಿಯವಲ್ದು. ನೀವು ಸುಮ್ನಿರ್ರಿ. ನಾ ಅಕಿ ಮಾರಿ ನೋಡಿ ತಿಳ್ಕೋತೀನಿ."

ಆಮೇಲೆ ರೊಮೆರೊಗೆ ತನ್ನ ಇಂಗ್ಲಿಷಿನಲ್ಲೇ ಹೇಳಿದಳು. ಎರಡು ಕೈ ಎತ್ತಿ, "ಮೈ ಹ್ಯಾಂಡ್, ಡರ್ಟಿ," ಎಂದಳು. ಇಂದಿರಮ್ಮನ ಕಡೆ ತೋರಿಸಿ, "ಶಿ ಥಿಂಕ್. ಸೋ, ಟೂ," ಎಂದಳು.

ರೊಮೆರೊ ಫಾರಮ್ಮಿನಲ್ಲಿ ಏನೋ ಬರೆದಳು. ಬರೆದದ್ದಕ್ಕೆ ಎರಡು ಸಲ ಅಡಿಗೆರೆ ಎಳೆದಳು. ಬಾಲಸುಬ್ರಹ್ಮಣ್ಯ ಕತ್ತು ಉದ್ದ ಮಾಡಿ ಓದಲು ನೋಡಿದ. ಆಕೆ ಹಲಗೆ ತಿರುಗಿಸಿಕೊಂಡಳು.

ಕೈ ತೊಳೆಸಿದ ಮೇಲೆ ಮಾಸ್ಕಿನ ಪಾಠ. ರೊಮೆರೊ ಒಂದನ್ನು ಶಂಕ್ರವ್ವನ ಮುಖಕ್ಕಿಟ್ಟು ಹಿಂದಿನ ಪಟ್ಟಿ ಬಿಗಿದಳು. ಎರಡೂ ಡಬ್ಬಿಗಳಿಗೆ ಅಂಗೈ ಒತ್ತಿ ಉಸಿರು ಎಳೆಯಲು ಹೇಳಿದಳು. ಮಾಸ್ಕು ಮುಖಕ್ಕೆ ಕಚ್ಚಿದರೆ ಸರಿ, ಸಂದಿಯಿಂದ ಗಾಳಿ ನುಗ್ಗಿದರೆ ಸರಿಯಿಲ್ಲ. ಕಚ್ಚಿತು. ಕೈ ತೆಗೆದಳು. ಉಸಿರು ಎಳೆದಳು.

ಖಾರವಿಲ್ಲ.

ಇನ್ನೊಮ್ಮೆ ಎಳೆದಳು. ಇಲ್ಲ. ಒಂಬತ್ತು ತಿಂಗಳಿಂದ ಇದೇ ಕೋಣೆಯಲ್ಲಿ ಎಳೆದ ಒಂದೊಂದು ಉಸಿರೂ ಗಂಟಲು ಕೆರೆದುಕೊಂಡು ಒಳಗೆ ಹೋಗುತ್ತಿತ್ತು. ಇದು ಸುಮ್ಮನೆ ಹೋಯಿತು. ಆಕೆಗೆ ಅಳು ಬಂತು. ಈ ಸಲ ಮೆಣಸಿನಕಾಯಿಯ ತಪ್ಪಿರಲಿಲ್ಲ.

"ಆಯ್ತಲ್ಲ, ತೆಗೀರಿ," ಎಂದ ಬಾಲಸುಬ್ರಹ್ಮಣ್ಯ.

ಮಾಸ್ಕಿನೊಳಗಿಂದ ಏನೋ ಗುಡುಗಿದಂತೆ ಕೇಳಿಸಿತು.

"ಏನು?"

ಶಂಕ್ರವ್ವ ಮಾಸ್ಕು ಒಂದು ಬೆರಳಷ್ಟು ಎತ್ತಿ, "ತೆಗಿಯೂದಿಲ್ಲ" ಎಂದು ಮತ್ತೆ ಮುಚ್ಚಿಕೊಂಡಳು.

ಇಂದಿರಮ್ಮನಿಗೆ ತಡೆಯಲಾಗಲಿಲ್ಲ. "ಬಾಲೂ, ಅದು ಪೂಜೆಗಿಟ್ಟಿದ್ದು ಕಣೋ. ಅವಳ ಬಾಯಿ ತಾಗಿ ಎಂಜಲಾಗಿ ಹೋಯ್ತು. ಇನ್ನು ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ರೊಮೆರೊ ಕೇಳಿದಳು. ಬಾಲಸುಬ್ರಹ್ಮಣ್ಯ ಬೆವರು ಒರೆಸಿಕೊಂಡು, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕಬಾರದು ಅಂತಾರೆ, ಎಂದ. ರೊಮೆರೊಗೆ ಬಹಳ ಸಂತೋಷವಾಯಿತು. ಅದೇ ನಿಯಮ, ಎಂದಳು. ಈ ಕಂಪನಿಯಲ್ಲಿ ಒಬ್ಬರಿಗಾದರೂ ಸರಿಯಾಗಿ ಗೊತ್ತಿದೆಯಲ್ಲ, ಎಂದು ಇಂದಿರಮ್ಮನ ಕೈ ಹಿಡಿದು ಕುಲುಕಿದಳು. ಶಂಕ್ರವ್ವನ ಕೈ ಹಿಡಿದಿದ್ದ ಅದೇ ಕೈ. ಇಂದಿರಮ್ಮ ತಮ್ಮ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತರು.

ಶಂಕ್ರವ್ವನಿಗೆ ಅಲ್ಲಿ ಒಂದು ದಾರಿ ಕಂಡಿತು.

"ಇದು ಸ್ವಲ್ಪ ಬಿಗಿ ಆಗತೈತ್ರಿ," ಎಂದಳು. ಮಾಸ್ಕು ತೆಗೆದಿಟ್ಟು ಎರಡನೆಯದನ್ನು ಹಾಕಿಕೊಂಡಳು. ಉಸಿರು ಎಳೆದಳು, ಬಿಟ್ಟಳು. "ಇದು ಸಡಿಲ." ಮೂರನೆಯದು. ಅದರೊಳಗೆ ಚೆನ್ನಾಗಿ ಕೆಮ್ಮಿದಳು. ನಾಲ್ಕನೆಯದು. ಆಮೇಲೆ ಕನ್ನಡಕಗಳನ್ನು ಒಂದೊಂದಾಗಿ ಎತ್ತಿ, 'ಹಾ' ಎಂದು ಬಾಯಿ ತುಂಬ ಊದಿ, ತನ್ನ ತೋಳಿಗೆ ಒರೆಸಿ, ಹಾಕಿ ನೋಡಿದಳು. ನಾಲ್ಕು ಜೊತೆ ದಪ್ಪ ಗ್ಲೌಸಿಗೂ ಕೈ ತೂರಿಸಿದಳು. ಬಿಡುವಿಲ್ಲದೆ, ಸಿಟ್ಟಿಲ್ಲದವಳ ಹಾಗೆ, ಸಂತೆಯಲ್ಲಿ ಬಳೆ ಅಳತೆ ನೋಡುವವಳ ಹಾಗೆ ಮಾಡಿದಳು. ಇಂದಿರಮ್ಮ ಒಂದೊಂದಕ್ಕೂ "ಅಯ್ಯೋ" ಎಂದರು. ಹನ್ನೊಂದು ಸಲ ಅಂದರು.

ಅಳತೆ ನೋಡಿ ಆರಿಸಿಕೊಳ್ಳುವುದು ಎಷ್ಟು ಮುಖ್ಯ ಎಂದು ರೊಮೆರೊ ಹೊಗಳಿದಳು. ನಾಲ್ಕೂ ಮಾಸ್ಕನ್ನು ಆಲ್ಕೋಹಾಲಿನಿಂದ ಒರೆಸಿ ಇಟ್ಟಳು. ಆಲ್ಕೋಹಾಲಿನಿಂದ ರೋಗಾಣು ಸಾಯುತ್ತವೆ, ಎಂಜಲು ಸಾಯುವುದಿಲ್ಲ. ಇಂದಿರಮ್ಮನ ಲೆಕ್ಕದಲ್ಲಿ ಮೈಲಿಗೆ ಇನ್ನೂ ಹೆಚ್ಚಾಯಿತು.

ರೊಮೆರೊ ಹೋದಳು. ಬಾಲಸುಬ್ರಹ್ಮಣ್ಯ ಎಲ್ಲವನ್ನೂ ಬೀರಿಗೆ ತುಂಬಿ ಬೀಗ ಹಾಕಿ, ಬೀಗದ ಕೈ ತಾಯಿಗೆ ಕೊಟ್ಟ. ಶುಕ್ರವಾರ ಬೆಳಿಗ್ಗೆ ಶಂಕ್ರವ್ವ ಬಂದು ನೋಡಿದಳು. ಬೀಗ ಹಾಗೇ ಇತ್ತು. ಮೇಜಿನ ಮೇಲೆ ಆಕೆಗೆಂದು ತೆಳು ಗ್ಲೌಸು ಎರಡು ಜೊತೆ. ಆಕೆ ಅವುಗಳನ್ನು ಮುಟ್ಟಲಿಲ್ಲ. ಗಿರಣಿಯ ಮುಂದಿನ ಚೀಲದ ಮೇಲೆ ಹೋಗಿ ಕೂತಳು. ಲೂಪೆ ಪಕ್ಕದ ಚೀಲದ ಮೇಲೆ ಕೂತಳು.

"ಏನಿದು? ಆರ್ಟೀಸಿಯಾಗೆ ಮಧ್ಯಾಹ್ನ ಲೋಡ್ ಹೋಗ್ಬೇಕು."

"ಮಾಸ್ಕ್ ಕೊಡ್ರಿ, ಹೋಗತೈತಿ."

"ನಾಳೆಯಿಂದ ನೀವು ಬರೋದು ಬೇಡ."

"ನಾಳಿ ಮಾತು ನಾಳಿ. ಇವತ್ತು ಬಂದೀನಲ್ಲ. ಕೂತೀನಿ."

"ಬೇರೆಯವರನ್ನ ತರ್ತೀನಿ."

"ತರ್ರಿ. ಅವ್ರಿಗೂ ಮೂಗು ಇರತೈತಿ."

ಬಾಲಸುಬ್ರಹ್ಮಣ್ಯನಿಗೆ ರೋಷ ಬಂತು. ಇದೇನು ದೊಡ್ಡ ವಿದ್ಯೆ, ಎಂಜಿನಿಯರ್ ನಾನು, ಎಂದ. ಮೂಗಿನ ಮೇಲೆ ಕರ್ಚೀಫು ಕಟ್ಟಿದ. ಚೀಲ ಎತ್ತಲು ಹೋದ. ಎತ್ತಲಾಗದೆ ಎಳೆದುಕೊಂಡು ಹೋದ. ಡಬ್ಬಿಯಲ್ಲಿ ತುಂಬಿ ತುಂಬಿ ಗಿರಣಿಗೆ ಸುರಿದು ಸ್ವಿಚ್ಚು ಹಾಕಿದ. ಇಬ್ಬರು ಹೆಂಗಸರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಅನುಭವಸ್ಥರು.

ಗೋಡೆ ಗಡಿಯಾರದಲ್ಲಿ ಏಳು ನಿಮಿಷವಾಯಿತು. ಎಂಟನೆಯ ನಿಮಿಷಕ್ಕೆ ಕೆಂಪು ಮೋಡದೊಳಗಿಂದ ಮಾಲೀಕ ಓಡಿಬಂದ. ಬಂದವನು ಮಾಡಬಾರದ್ದನ್ನು ಮಾಡಿದ. ಮೆಣಸಿನಪುಡಿಯ ಕೈಯಿಂದ ಎರಡೂ ಕಣ್ಣು ಉಜ್ಜಿದ. ಆಮೇಲೆ ಪಾರ್ಕಿಂಗ್ ಜಾಗದಲ್ಲಿ ಸುತ್ತು ಹೊಡೆಯತೊಡಗಿದ. ಸ್ಟಿಕರಿನವರು ಕೆಲಸ ಬಿಟ್ಟು ಹೊರಗೆ ಬಂದರು. ಇಂದಿರಮ್ಮ ಮೊಸರಿನ ಡಬ್ಬಿ ಹಿಡಿದುಕೊಂಡು ಮಗನ ಹಿಂದೆ ಕಾರುಗಳ ನಡುವೆ ಓಡಿದರು.

"ಉಜ್ಜಬ್ಯಾಡ್ರಿ," ಎಂದು ಕೂಗಿ ಶಂಕ್ರವ್ವ ಅವನ ಕಾಲರು ಹಿಡಿದು ನಿಲ್ಲಿಸಿದಳು. ಗೋಡೆಯ ನಲ್ಲಿಗೆ ಎಳೆದುಕೊಂಡು ಹೋದಳು. ಒಂದು ಕೈಯಿಂದ ತಲೆ ಹಿಡಿದು, ಇನ್ನೊಂದರಿಂದ ರೆಪ್ಪೆ ಬಿಡಿಸಿ, ಪೈಪಿನ ನೀರು ಸಣ್ಣಗೆ ಬಿಡಲು ಲೂಪೆಗೆ ಹೇಳಿದಳು. ಹದಿನೈದು ನಿಮಿಷ ಬಿಡಬೇಕು ಎಂದು ರೊಮೆರೊ ಬೆರಳಲ್ಲಿ ಎಣಿಸಿ ತೋರಿಸಿದ್ದಳು. ಹದಿನೈದು ನಿಮಿಷವೂ ಬಿಟ್ಟಳು. ಮಧ್ಯೆ ಅವನು ಸಾಕು ಎಂದ. ಆಕೆ ಬಿಡಲಿಲ್ಲ.

ಕಣ್ಣು ತೆರೆಯಲು ಬಂದಾಗ ಬಾಲಸುಬ್ರಹ್ಮಣ್ಯನ ಮುಖ ಬದನೆಕಾಯಿಯಾಗಿತ್ತು. ಮೂಗಿನಿಂದ, ಕಣ್ಣಿನಿಂದ, ಬಾಯಿಯಿಂದ ನೀರು ಸುರಿಯುತ್ತಿತ್ತು.

"ದಿನಾ ಹೀಗೇನಾ?" ಎಂದು ಕೇಳಿದ.

"ನಾವು ಉಜ್ಜಂಗಿಲ್ರಿ."

ಅವನು ಸ್ವಲ್ಪ ಹೊತ್ತು ನೆಲದ ಮೇಲೇ ಕೂತ. "ಅಮ್ಮಾ," ಎಂದ ಕೊನೆಗೆ, "ಬೀರು ಕೀ ಇವರಿಗೆ ಕೊಡು."

ಇಂದಿರಮ್ಮ ಸೊಂಟದಿಂದ ಬೀಗದ ಕೈ ಬಿಚ್ಚಿದರು. ಒಂದು ಹೆಜ್ಜೆ ಮುಂದೆ ಬಂದು, ಶಂಕ್ರವ್ವನ ಮುಂದೆ, ನೆಲಕ್ಕೆ ಹಾಕಿದರು. ಸಿಮೆಂಟಿನ ಮೇಲೆ ಅದು ಟಣ್ ಎಂದಿತು.

ಶಂಕ್ರವ್ವ ಅದನ್ನು ನೋಡಿದಳು. ಬಗ್ಗಲಿಲ್ಲ. ಬಗ್ಗಿ ಬಗ್ಗಿ ಎತ್ತಿಕೊಂಡವರೆಲ್ಲ ಆಕೆಯ ಕಣ್ಣ ಮುಂದೆ ಬಂದರು. ಅವ್ವ ಬಗ್ಗಿದ್ದಳು. ಅಜ್ಜಿ ಬಗ್ಗಿದ್ದಳು. ಮೇಲಿಂದ ಬಿದ್ದ ರೊಟ್ಟಿ, ಮೇಲಿಂದ ಸುರಿದ ನೀರು, ಮೇಲಿಂದ ಎಸೆದ ಸೀರೆ.

"ಕೈಯಾಗ ಕೊಡ್ರಿ," ಎಂದಳು.

"ಅಲ್ಲೇ ಇದೆಯಲ್ಲ, ತಗೋ."

"ನೆಲಕ್ಕ ಹಾಕಿದ್ದು ನಾ ತಗೊಳ್ಳಂಗಿಲ್ರಿ ಅಮ್ಮ. ನಂಗ ಕೊಡೂದಾದ್ರ ಕೈಯಾಗ ಕೊಡ್ರಿ. ಇಲ್ಲಾಂದ್ರ ಅಲ್ಲೇ ಬಿದ್ದಿರ್ಲಿ. ಲೋಡ್ ಸೋಮವಾರ ಹೋಗ್ಲಿ."

ಕೈ ಚಾಚಿದಳು. ಸುಲಿದ ಕೈ. ಸ್ಟಿಕರಿನವರು ಆರು ಜನ ಸಾಲಾಗಿ ನಿಂತು ನೋಡುತ್ತಿದ್ದರು. ಏನು ನಡೆಯುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಯಾರೂ ಒಳಗೆ ಹೋಗಲಿಲ್ಲ. ಬಾಲಸುಬ್ರಹ್ಮಣ್ಯ ಊದಿದ ಕಣ್ಣಿನಿಂದ ತಾಯಿಯನ್ನೇ ನೋಡುತ್ತಿದ್ದ. ಆ ಕಣ್ಣು ತೊಳೆದ ಕೈ ಅದೇ. "ಕೊಡಮ್ಮ," ಎಂದ.

ಇಂದಿರಮ್ಮನಿಗೆ ಎಪ್ಪತ್ತೊಂದು ವರ್ಷ. ಬಗ್ಗಲು ಮಂಡಿ ನೋವು. ಒಂದು ಕೈ ಕಾರಿನ ಮೇಲಿಟ್ಟು ನಿಧಾನವಾಗಿ ಬಗ್ಗಿ, ಬೀಗದ ಕೈ ಎತ್ತಿ, ಶಂಕ್ರವ್ವನ ಅಂಗೈ ಮೇಲೆ ಇಟ್ಟರು. ಬೆರಳು ತಾಗಿತು. ಭೂಮಿ ಬಾಯಿ ಬಿಡಲಿಲ್ಲ. ಸ್ಟಿಕರಿನವರಲ್ಲಿ ಒಬ್ಬ ಚಪ್ಪಾಳೆ ತಟ್ಟಿ, ಉಳಿದವರು ತಟ್ಟದಿರುವುದನ್ನು ನೋಡಿ ನಿಲ್ಲಿಸಿದ.

ಎರಡು ವಾರಕ್ಕೆ ರೊಮೆರೊಳ ವರದಿ ಬಂತು. ಅದರಲ್ಲಿ ಅಡಿಗೆರೆ ಎಳೆದ ಮಾತು ಏನೆಂದು ಬಾಲಸುಬ್ರಹ್ಮಣ್ಯ ಯಾರಿಗೂ ಓದಿ ಹೇಳಲಿಲ್ಲ. ಗಿರಣಿಯ ಮೇಲೆ ಧೂಳು ಎಳೆಯುವ ಫ್ಯಾನು ಬಂತು. ಮಾಸ್ಕಿನ ಡಬ್ಬಿ ಹೊಸದು ಬಂತು. ಶಂಕ್ರವ್ವ ಒಂದು, ಲೂಪೆ ಒಂದು ಹಾಕಿಕೊಂಡರು. ಕಣ್ಣು ತೊಳೆದ ಮೇಲೆ ಬಾಲಸುಬ್ರಹ್ಮಣ್ಯನೂ ಒಂದು ಹಾಕಿಕೊಳ್ಳದೆ ಗಿರಣಿಯ ಕಡೆ ಬರುತ್ತಿರಲಿಲ್ಲ. ಅದು ಮುಖಕ್ಕೆ ಕಚ್ಚಲೆಂದು ಗಡ್ಡ ಬೋಳಿಸಿದ.

ಇಂದಿರಮ್ಮ ಮಾತ್ರ ಪ್ಯಾಕಿಂಗ್ ಮೇಜಿನಲ್ಲಿ ಕೂತು ಸೆರಗಿನೊಳಗೆ ಕೆಮ್ಮುತ್ತಿದ್ದರು. ಉಳಿದ ಒಂದು ಮಾಸ್ಕು ಬೀರಿನಲ್ಲಿತ್ತು. ಅದು ಶಂಕ್ರವ್ವ ಒಳಗೆ ಕೆಮ್ಮಿದ ಮೂರನೆಯದು. ಕ್ರಿಸ್‌ಮಸ್‌ವರೆಗೆ ತಡೆದರು. ಆಮೇಲೆ ಮಗನಿಗೆ ಹೇಳಿ ಹೊಸದೊಂದು ತರಿಸಿದರು. ಹೊಸದು ಬಂತು, ಹಿಂದಿನ ಪಟ್ಟಿ ಬಿಗಿಯಲು ಬರಲಿಲ್ಲ. ಮಗ ಆರ್ಟೀಸಿಯಾಗೆ ಹೋಗಿದ್ದ. ಇಂದಿರಮ್ಮ ಅತ್ತ ಇತ್ತ ನೋಡಿ, ಕೊನೆಗೆ ಶಂಕ್ರವ್ವನ ಕಡೆ ಬೆನ್ನು ತಿರುಗಿಸಿ ನಿಂತರು. ಶಂಕ್ರವ್ವ ಕೈ ತೊಳೆದು ಬಂದು, ತುರುಬು ಸ್ವಲ್ಪ ಎತ್ತಿ, ಪಟ್ಟಿ ಎಳೆದು ಬಿಗಿದಳು.

ಗಿರಣಿ ಶುರುವಾಯಿತು. ಇಂದಿರಮ್ಮ ಮೇಜಿನಿಂದಲೇ ಬೆರಳು ಮಾಡಿ ಏನೋ ಹೇಳಿದರು. ಅದನ್ನ ಮುಟ್ಟಬೇಡ, ಇದನ್ನ ಇಲ್ಲಿಡು, ಅದಕ್ಕೆ ಸೋಕಬೇಡ ಎಂಬಂಥದ್ದೇ ಇರಬೇಕು. ಹೊರಗೆ ಬಂದದ್ದು ಮಡಕೆಯೊಳಗಿನ ಜೀರುಂಡೆಯ ಸದ್ದು. ಅವರು ಮಾಸ್ಕು ತೆಗೆದು ಹೇಳಲು ಕೈ ಎತ್ತಿದರು. ಶಂಕ್ರವ್ವ ಗಿರಣಿ ನಿಲ್ಲಿಸಿ, ತನ್ನದನ್ನು ಒಂದು ಬೆರಳಷ್ಟು ಎತ್ತಿದಳು.

"ಧೂಳಿನ್ಯಾಗ ಮಾಸ್ಕ್ ತೆಗದು ಮಾತಾಡಂಗಿಲ್ರಿ ಅಮ್ಮ. ರೂಲ್ಸ್ ಐತಿ."

ಇಂದಿರಮ್ಮ ಕೈ ಇಳಿಸಿದರು. ಸಂಜೆಯವರೆಗೆ ಮಾಸ್ಕಿನೊಳಗೇ ಮಾತಾಡಿದರು. ಒಂದು ಅಕ್ಷರವೂ ಯಾರಿಗೂ ಕೇಳಲಿಲ್ಲ. ಅವತ್ತು ಹತ್ತೊಂಬತ್ತು ಚೀಲ ಮುಗಿಯಿತು.